ಮನೆಯಲ್ಲೇ ಹಿರಿಯರ ಆರೈಕೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ಲವನ್ನೂ ನಾನೇ ಮಾಡಲು ಹೊರಟೆ. ಊಟ ತಿನ್ನಿಸಿದೆ, ಮುಖ ತೊಳೆಸಿದೆ, ಅಂಗಿಯ ಗುಂಡಿ ಹಾಕಿದೆ. ಪ್ರೀತಿಯಿಂದಲೇ ಮಾಡಿದ್ದು. ತಿಂಗಳಾಗುವ ಹೊತ್ತಿಗೆ ಅವರ ಚೆನ್ನಾಗಿದ್ದ ಎಡಗೈ ಕೂಡ ಚಮಚ ಹಿಡಿಯಲು ಹಿಂಜರಿಯತೊಡಗಿತ್ತು. ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಇದನ್ನು ನೋಡಿ, "ಅವರ ಕೈಗೆ ಕೆಲಸ ಕೊಡಿ, ನಿಮ್ಮ ಕೈ ಸ್ವಲ್ಪ ಸುಮ್ನೆ ಇರಲಿ" ಎಂದರು. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ಆಮೇಲೆ ಇದೇ ಹಾದಿಯಲ್ಲಿದ್ದ ಎಷ್ಟೋ ಮನೆಯವರು ನನ್ನ ಹತ್ತಿರ ಕೇಳಿದ ಪ್ರಶ್ನೆಗಳು ಇಲ್ಲಿವೆ. ನಿಮ್ಮವರ ಕಾಯಿಲೆ ಬಲ್ಲ ವೈದ್ಯರು ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

ಮನೆ ಆರೈಕೆ ಅಂದರೆ ಏನೇನು ಸೇರುತ್ತದೆ?

ಎರಡು ಬಗೆ ಇದೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ಮನೆಗಳಲ್ಲಿ ತಕರಾರು ಶುರುವಾಗುವುದು.

ಒಂದು, ತರಬೇತಿ ಬೇಕಾದ ಕೆಲಸ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇಂಜೆಕ್ಷನ್ ಕೊಡುವುದು, ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ) ಬದಲಿಸುವುದು, ಲಕ್ವದ ನಂತರ ನಡೆಯಲು ಕಲಿಸುವುದು, ಮಾತು ಮತ್ತು ನುಂಗುವಿಕೆಯ ಥೆರಪಿ. ಇದನ್ನು ನರ್ಸ್ ಅಥವಾ ಥೆರಪಿಸ್ಟ್ ಮಾಡಬೇಕು. ಇನ್ನೊಂದು, ದಿನದಿನದ ಕೆಲಸ. ಸ್ನಾನ, ಬಟ್ಟೆ, ಶೌಚ, ಊಟ, ಜೊತೆಗೆ ನಡೆಯುವುದು. ಇದನ್ನು ಮನೆಯವರೋ ಸಹಾಯಕರೋ ಮಾಡಬಹುದು. ಸಹಾಯಕರ ಕೈಯಲ್ಲಿ ನರ್ಸ್ ಕೆಲಸ ಮಾಡಿಸುವುದು ಅಪಾಯ.

ಕಾಯಿಲೆಯವರ ಮನೆಗೇ ನರ್ಸ್ ಹೋಗುವುದು ಹೊಸದೇನಲ್ಲ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ, ಸಾವಿನ ಅಂಚಿನಲ್ಲಿದ್ದ ಹೆಂಡತಿಯನ್ನು ನೋಡಿಕೊಳ್ಳಲು ಮೇರಿ ರಾಬಿನ್ಸನ್ ಎಂಬ ನರ್ಸನ್ನು ಮನೆಗೆ ಕರೆಸಿದ್ದರು. ಹೆಂಡತಿ ಹೋದ ಮೇಲೆ, ಊರಿನ ಬಡವರ ಮನೆಗಳಲ್ಲೂ ಇದೇ ಕೆಲಸ ಮಾಡುವಂತೆ ಆಕೆಯನ್ನು ಕೇಳಿಕೊಂಡರು. ಮನೆಮನೆಗೆ ಹೋಗುವ ನರ್ಸ್‌ಗಳ ವ್ಯವಸ್ಥೆ ಅಲ್ಲಿಂದ ಬೆಳೆಯಿತು.

ನಮ್ಮ ಮನೆಯ ಹಿರಿಯರಿಗೆ ಸಹಾಯ ಬೇಕಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ವೈದ್ಯರು ನೋಡುವ ರೀತಿಯಲ್ಲೇ ನೀವೂ ನೋಡಬಹುದು. ಸಿಡ್ನಿ ಕಾಟ್ಜ್ ಎಂಬ ವೈದ್ಯರು ತಮ್ಮ ಸಂಗಡಿಗರ ಜೊತೆ 1963ರಲ್ಲಿ ಆರು ಕೆಲಸಗಳ ಪಟ್ಟಿ ಕೊಟ್ಟರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ. ಕೊನೆಯವರೆಗೆ ಉಳಿಯುವುದು ತಾನೇ ಊಟ ಮಾಡುವುದು. ಮಗು ಕಲಿಯುವಾಗ ಮೊದಲು ಬರುವುದು ಊಟ, ಕೊನೆಗೆ ಸ್ನಾನ ಅಲ್ವಾ? ಮುಪ್ಪಿನಲ್ಲಿ ಅದೇ ಸಾಲು ಹಿಂದುಮುಂದಾಗಿ ಕಳಚುತ್ತಾ ಬರುತ್ತದೆ.

ಆದರೆ ಸ್ನಾನ ಕಷ್ಟವಾಗುವ ಮೊದಲೇ ಸೂಕ್ಷ್ಮ ಗುರುತುಗಳು ಕಾಣುತ್ತವೆ. ಬಿಲ್ ಕಟ್ಟುವುದು ಮರೆಯುತ್ತದೆ. ಫೋನ್ ಮಾಡುವುದು ಕಡಿಮೆಯಾಗುತ್ತದೆ. ಮಾತ್ರೆ ಡಬ್ಬಿಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಉಳಿದಿರುತ್ತದೆ. ಫ್ರಿಜ್‌ನಲ್ಲಿ ಹಳಸಿದ್ದು ಹಾಗೇ ಇರುತ್ತದೆ. ಲಾಟನ್ ಮತ್ತು ಬ್ರೋಡಿ ಎಂಬ ಸಂಶೋಧಕರು 1969ರಲ್ಲಿ ಇಂತಹ ಎಂಟು ಕೆಲಸಗಳನ್ನು ಬೇರೆಯಾಗಿ ಪಟ್ಟಿ ಮಾಡಿದರು, ಏಕೆಂದರೆ ಜಾರುವುದು ಇಲ್ಲಿಂದಲೇ. ಒಂದು ದಿನ ಹೋಗಿ ನೋಡಿದರೆ ಸಾಲದು. ಒಂದು ವಾರ ಜೊತೆಗಿದ್ದು ನೋಡಿ. ನೆಂಟರು ಬಂದಾಗ ಹಿರಿಯರು ಗಟ್ಟಿಯಾಗಿ ಕಾಣಲು ತುಂಬಾ ಕಷ್ಟಪಡುತ್ತಾರೆ.

ಅವರು "ನನಗೆ ಯಾರೂ ಬೇಡ" ಅನ್ನುತ್ತಾರೆ. ಏನು ಮಾಡುವುದು?

ಮೊದಲು ಆ "ಬೇಡ"ದ ಹಿಂದೆ ಏನಿದೆ ಅಂತ ಕೇಳಿ. ಕೆಲವರಿಗೆ ಪರಕೀಯರ ಮುಂದೆ ಮೈ ತೋರಿಸಲು ನಾಚಿಕೆ. ಕೆಲವರಿಗೆ ಮಕ್ಕಳ ಹಣ ಖರ್ಚಾಗುತ್ತದೆ ಎಂಬ ಚಿಂತೆ. ಕೆಲವರಿಗೆ, ಇವತ್ತು ಸಹಾಯಕರು ಬಂದರೆ ನಾಳೆ ನನ್ನನ್ನು ಮನೆಯಿಂದಲೇ ಸಾಗಿಸುತ್ತಾರೆ ಎಂಬ ಭಯ. ಒಂದೊಂದಕ್ಕೂ ಉತ್ತರ ಬೇರೆ. ಎಲ್ಲಕ್ಕೂ ಒಂದೇ ಉಪನ್ಯಾಸ ಕೊಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಚಿಕ್ಕದರಿಂದ ಶುರು ಮಾಡಿ. ವಾರಕ್ಕೆ ಎರಡು ದಿನ, ಎರಡು ಗಂಟೆ, ಮನೆಗೆಲಸಕ್ಕೆ ಮಾತ್ರ. ಮುಖಪರಿಚಯ ಆದ ಮೇಲೆ ಸ್ನಾನಕ್ಕೆ ಕೈ ಹಿಡಿಯುವುದು ಸುಲಭವಾಗುತ್ತದೆ. ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎನ್ನುವುದನ್ನು ಅವರೇ ತೀರ್ಮಾನಿಸಲಿ. "ನಿಮಗಾಗಿ" ಅನ್ನುವ ಬದಲು "ನನ್ನ ನೆಮ್ಮದಿಗಾಗಿ ಒಪ್ಪಿಕೊಳ್ಳಿ" ಅಂತ ಕೇಳಿ ನೋಡಿ. ಅದು ನಿಜವೂ ಹೌದು.

ಬುದ್ಧಿ ಸರಿಯಾಗಿರುವ ಹಿರಿಯರಿಗೆ ಬೇಡ ಅನ್ನುವ ಹಕ್ಕಿದೆ. ಸ್ವಲ್ಪ ಅಪಾಯ ತೆಗೆದುಕೊಳ್ಳುವ ಹಕ್ಕೂ ಇದೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಆಸ್ಪತ್ರೆಯಿಂದ ಕರೆತರುವ ಮೊದಲು ಏನು ಕೇಳಬೇಕು?

ಅಪ್ಪನನ್ನು ಬಿಡುಗಡೆ ಮಾಡಿದ ದಿನ ನಮಗೆ ಒಂದು ಫೈಲ್ ಕೊಟ್ಟು ಕಳಿಸಿದರು. ಹಳೆಯ ಬಿಪಿ ಮಾತ್ರೆ ನಿಲ್ಲಿಸಬೇಕಾ, ಮುಂದುವರಿಸಬೇಕಾ ಅಂತ ಅದರಲ್ಲಿ ಇರಲಿಲ್ಲ. ನಾವು ಹಳೆಯದನ್ನೂ ಹೊಸದನ್ನೂ ಎರಡನ್ನೂ ಕೊಟ್ಟೆವು. ಮೂರನೇ ದಿನ ಅವರು ತಲೆ ತಿರುಗಿ ಬಿದ್ದರು.

ಹಾಗಾಗಿ ಮೊದಲ ಪ್ರಶ್ನೆ ಇದು: ಮನೆಯಲ್ಲಿರುವ ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯುತ್ತದೆ, ಯಾವುದು ನಿಲ್ಲುತ್ತದೆ, ಯಾವುದು ಹೊಸದು? ಒಂದೊಂದರ ಮುಂದೆಯೂ ಬರೆಸಿಕೊಳ್ಳಿ. ಆಮೇಲೆ, ಮನೆಯಲ್ಲಿ ನೀವು ಮಾಡಬೇಕಾದ ಕೆಲಸವನ್ನು ನರ್ಸ್ ಎದುರಿಗೆ ಒಮ್ಮೆ ನೀವೇ ಮಾಡಿ ತೋರಿಸಿ. ಅವರು ಮಾಡುವುದನ್ನು ನೋಡಿದರೆ ಬಂದಂತೆ ಅಲ್ಲ. ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕು, ರಾತ್ರಿ ಎರಡು ಗಂಟೆಗೆ ಯಾರಿಗೆ ಮಾಡಬೇಕು ಎಂಬುದು ಮೂರನೆಯದು. ಮನೆಯಲ್ಲಿ ಮಂಚ, ಕಮೋಡ್ ಕುರ್ಚಿ ಸಿದ್ಧವಾಗಿರದಿದ್ದರೆ, ಇನ್ನೊಂದು ದಿನ ಬೇಕು ಅಂತ ಕೇಳಲು ಸಂಕೋಚಪಡಬೇಡಿ.

ಮಾತ್ರೆಗಳು ತುಂಬಾ ಇವೆ. ಇದೆಲ್ಲಾ ಬೇಕಾ?

ಎಲ್ಲವೂ ಬೇಕಾಗಿರಲಿಕ್ಕಿಲ್ಲ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಕುತ್ತು.

ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿ. ನೋವಿನ ಮುಲಾಮು, ಕಣ್ಣಿನ ಹನಿ, ವಿಟಮಿನ್, ಗಿಡಮೂಲಿಕೆ, ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ, ಎಲ್ಲ. ಆ ಚೀಲವನ್ನು ವೈದ್ಯರ ಮುಂದೆ ಸುರಿದು ಒಂದೊಂದಕ್ಕೂ "ಇದು ಯಾಕೆ, ಇನ್ನೂ ಬೇಕಾ" ಅಂತ ಕೇಳಿ. ಕನಿಷ್ಠ ವರ್ಷಕ್ಕೊಮ್ಮೆ, ಆಸ್ಪತ್ರೆ ಸೇರಿ ಬಂದಾಗಲೆಲ್ಲ ಮತ್ತೊಮ್ಮೆ.

ವಯಸ್ಸಾದಂತೆ ಕಿಡ್ನಿ ಔಷಧಿಯನ್ನು ಹೊರಹಾಕುವ ವೇಗ ಕಡಿಮೆಯಾಗುತ್ತದೆ. ನಲವತ್ತರಲ್ಲಿ ಸರಿಹೋಗುತ್ತಿದ್ದ ಪ್ರಮಾಣ ಎಂಬತ್ತರಲ್ಲಿ ಜಾಸ್ತಿಯಾಗಬಹುದು. 1991ರಲ್ಲಿ ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು, ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿ ಮಾಡಿದರು. ಅದನ್ನು ಇವತ್ತಿಗೂ ಅಮೆರಿಕದ ಹಿರಿಯರ ವೈದ್ಯರ ಸಂಘ ಪರಿಷ್ಕರಿಸುತ್ತಾ ಬಂದಿದೆ, 2023ರಲ್ಲೂ ಪರಿಷ್ಕರಿಸಿತು. ಡಯಾಜೆಪಾಮ್ ತರಹದ ನಿದ್ದೆ ಮತ್ತು ಆತಂಕದ ಮಾತ್ರೆಗಳು, ಡೈಫೆನ್‌ಹೈಡ್ರಮಿನ್ ತರಹದ ಹಳೆಯ ಅಲರ್ಜಿ ಮಾತ್ರೆಗಳು ಅದರಲ್ಲಿವೆ. ಇವು ಹಿರಿಯರನ್ನು ಬೀಳಿಸುತ್ತವೆ, ಗೊಂದಲಕ್ಕೆ ತಳ್ಳುತ್ತವೆ. ಐಬುಪ್ರೊಫೇನ್ ತರಹದ ನೋವಿನ ಮಾತ್ರೆಯನ್ನು ಬಿಪಿ ಮಾತ್ರೆ, ಮೂತ್ರದ ಮಾತ್ರೆಯ ಜೊತೆ ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು.

ಇನ್ನೊಂದು ಬಲೆ ಇದೆ. ಒಂದು ಮಾತ್ರೆಯಿಂದ ಕಾಲು ಊದುತ್ತದೆ. ಊತಕ್ಕೆ ಇನ್ನೊಂದು ಮಾತ್ರೆ ಬರುತ್ತದೆ. ಅದರಿಂದ ಪದೇ ಪದೇ ಮೂತ್ರ, ಅದಕ್ಕೆ ಮೂರನೆಯದು. ಹೊಸ ತೊಂದರೆ ಕಂಡಾಗಲೆಲ್ಲ "ಇದು ಮಾತ್ರೆಯಿಂದಲೇ ಬಂದಿರಬಹುದಾ?" ಅಂತ ಮೊದಲು ಕೇಳಿ.

ನುಂಗಲು ಕಷ್ಟ ಅಂತ ಮಾತ್ರೆ ಪುಡಿ ಮಾಡುವ ಮೊದಲು ಔಷಧಿ ಅಂಗಡಿಯವರನ್ನು ವಿಚಾರಿಸಿ. ನಿಧಾನಕ್ಕೆ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಇಳಿಯುತ್ತದೆ.

ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಲ್ಲಿ ಪ್ರತಿವರ್ಷ ನೂರಕ್ಕೆ 28ರಿಂದ 35 ಜನ ಬೀಳುತ್ತಾರೆ. ಹಾಗಂತ ಬೀಳುವುದು ಹಣೆಬರಹ ಏನಲ್ಲ.

ರಾತ್ರಿ ಹಾಸಿಗೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯನ್ನು ನೀವೇ ಕತ್ತಲಲ್ಲಿ ಒಮ್ಮೆ ನಡೆದು ನೋಡಿ. ಮ್ಯಾಟ್, ವೈರ್, ಹೊಸಿಲು, ಒದ್ದೆ ನೆಲ, ಕೈಗೆ ಸಿಗದ ಸ್ವಿಚ್, ಎಲ್ಲ ಕಣ್ಣಿಗೆ ಬೀಳುತ್ತದೆ. ದಾರಿಯುದ್ದಕ್ಕೂ ಮಂದ ದೀಪ ಉರಿಯಲಿ. ಕಮೋಡ್ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಟವೆಲ್ ಕಂಬಿ ಹಿರಿಯರ ತೂಕ ತಡೆಯುವುದಿಲ್ಲ. ಹಿಂಬದಿ ಪಟ್ಟಿ ಇಲ್ಲದ ಸಡಿಲ ಚಪ್ಪಲಿ ಬೇಡ.

ಮಲಗಿದವರು ಎದ್ದು ನಿಂತಾಗ ಬಿಪಿ ಕುಸಿಯುವುದು ಇನ್ನೊಂದು ದೊಡ್ಡ ಕಾರಣ. ಮಲಗಿದ್ದಾಗ ಒಮ್ಮೆ ಅಳೆಯಿರಿ. ನಿಂತು ಮೂರು ನಿಮಿಷದೊಳಗೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ಹೇಳಿ. ಅಲ್ಲಿಯವರೆಗೆ, ಏಳುವ ಮೊದಲು ಹಾಸಿಗೆಯ ಅಂಚಿನಲ್ಲಿ ಕೂತು ಕಾಲು ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ಏಳಲಿ.

ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಅಂತ ನೋಡಿ. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯ ಜಾಸ್ತಿ. ಆಗ ಫಿಸಿಯೋಥೆರಪಿಸ್ಟ್ ಬೇಕು.

ಒಮ್ಮೆ ಬಿದ್ದ ಮೇಲೆ "ಇನ್ನು ಏಳಲೇಬೇಡಿ" ಅಂತ ಮನೆಯವರು ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಮಾಂಸ ಕಳೆದುಕೊಂಡರು. ಹತ್ತೇ ದಿನ! ಕೂರಿಸಿದಷ್ಟೂ ಕಾಲು ಸೋಲುತ್ತದೆ. ಕಾಲು ಸೋತಷ್ಟೂ ಬೀಳುತ್ತಾರೆ.

ಬಿದ್ದೇ ಬಿಟ್ಟರೆ?

ಗಾಬರಿಯಲ್ಲಿ ಎಳೆದು ಎಬ್ಬಿಸಬೇಡಿ. ಎಲ್ಲಿ ನೋವು ಅಂತ ಕೇಳಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಾಡಿಸದೆ ಆಂಬ್ಯುಲೆನ್ಸ್ ಕರೆಸಿ. ತಲೆಗೆ ಪೆಟ್ಟಾಗಿದ್ದು, ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಹಾಸಿಗೆ ಹುಣ್ಣು ಬರದಂತೆ ಏನು ಮಾಡಬೇಕು?

ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಂಡು, ರಕ್ತ ಹರಿಯದೆ ಸಾಯುತ್ತದೆ. ಹಾಸಿಗೆ ಹುಣ್ಣು ಅಂದರೆ ಇದೇ. ಬಾಲಮೂಳೆಯ ಹತ್ತಿರ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ ಮತ್ತು ತಲೆಯ ಹಿಂಭಾಗವನ್ನು ದಿನಾ ಬೆಳಕಲ್ಲಿ ನೋಡಿ.

ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಈ ಕೆಂಪು ಸರಿಯಾಗಿ ಕಾಣದೇ ಇರಬಹುದು. ಅಲ್ಲಿ ಕೈಯೇ ಕಣ್ಣಾಗಬೇಕು: ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋವಾ, ಬಣ್ಣ ಕಡುವಾಗಿದೆಯಾ ನೋಡಿ.

ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಳ್ಳೆಯ ಹಾಸಿಗೆ ಇದ್ದರೆ ಈ ಅಂತರ ಎಷ್ಟಿರಬಹುದು ಅಂತ ನರ್ಸ್ ಹೇಳುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿ ಮಲಗಿಸಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಗಾಳಿಯಲ್ಲಿ ತೇಲುತ್ತದೆ. ಊಟದ ಹೊತ್ತು ಬಿಟ್ಟರೆ ತಲೆಯ ಭಾಗವನ್ನು 30 ಡಿಗ್ರಿಗಿಂತ ಜಾಸ್ತಿ ಎತ್ತಬೇಡಿ. ಮೈ ಕೆಳಕ್ಕೆ ಜಾರಿ ಚರ್ಮ ಉಜ್ಜುತ್ತದೆ. ಮೇಲಕ್ಕೆ ತರುವಾಗ ಎಳೆಯದೆ, ಕೆಳಗೆ ಹಾಸಿದ ಬಟ್ಟೆ ಹಿಡಿದು ಇಬ್ಬರು ಎತ್ತಿ.

ಎರಡು ಹಳೆಯ ಅಭ್ಯಾಸ ಬಿಡಬೇಕು. ಕೆಂಪಾದ ಜಾಗ ತಿಕ್ಕುವುದು ಒಂದು. ನಡುವೆ ತೂತಿರುವ ಬಳೆಯಾಕಾರದ ದಿಂಬು ಇನ್ನೊಂದು. ಎರಡೂ ಹಾನಿ ಮಾಡುತ್ತವೆ. ಗಾಲಿಕುರ್ಚಿಯಲ್ಲಿ ಕೂರುವವರಿಗೂ ಹುಣ್ಣು ಆಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೈಯಲ್ಲಿ ಬಲವಿದ್ದರೆ ಕಾಲು ಗಂಟೆಗೊಮ್ಮೆ ಅವರೇ ಭಾರ ಬದಲಿಸಲಿ.

ಊಟ, ನೀರು ನೆತ್ತಿಗೇರುತ್ತದೆ. ಅಪಾಯವಾ?

ಹೌದು. ಲಕ್ವ, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಲ್ಲಿ ನುಂಗುವ ಸ್ನಾಯುಗಳ ತಾಳ ತಪ್ಪುತ್ತದೆ. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಮ್ಮಿದರಂತೂ ಗೊತ್ತಾಗುತ್ತದೆ. ಕೆಮ್ಮೇ ಬಾರದೆ ಇಳಿಯುವುದೂ ಉಂಟು. ಊಟದ ಮೇಲೆ ದನಿ ನೀರು ತುಂಬಿದಂತೆ ಗುಳುಗುಳು ಅನ್ನುತ್ತಿದ್ದರೆ, ಪದೇ ಪದೇ ಕಫ, ಜ್ವರ ಬರುತ್ತಿದ್ದರೆ ಸಂಶಯಪಡಿ. ನುಂಗುವಿಕೆಯನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಅಚ್ಚರಿ ಅಂದರೆ ಇಂಥವರಿಗೆ ಬಹಳ ಸಲ ಎಲ್ಲಕ್ಕಿಂತ ಕಷ್ಟ ನೀರು. ಅದು ತುಂಬಾ ಬೇಗ ಜಾರುತ್ತದೆ.

ನೆಟ್ಟಗೆ ಕೂರಿಸಿ. ಚಿಕ್ಕ ಚಮಚ. ಒಂದು ತುತ್ತು ನುಂಗಿ ಬಾಯಿ ಖಾಲಿಯಾದ ಮೇಲೆ ಇನ್ನೊಂದು. ನೀವೂ ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ನಿಂತು ತಿನ್ನಿಸಿದರೆ ಅವರು ತಲೆ ಎತ್ತುತ್ತಾರೆ, ಆಗ ಶ್ವಾಸನಾಳ ತೆರೆದುಕೊಳ್ಳುತ್ತದೆ. ಟಿವಿ ಆರಿಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಚಮಚ ಹಿಡಿಯಲು ಆಗುವವರು ಅವರೇ ಹಿಡಿಯಲಿ, ಅರ್ಧ ಚೆಲ್ಲಿದರೂ ಸರಿ. ತನ್ನ ಕೈಯ ತುತ್ತು ಬಾಯಿಗೆ ಬರುವಾಗ ಬಾಯಿಯೂ ಸಿದ್ಧವಾಗಿರುತ್ತದೆ. ಬೇಕಾದರೆ ಅವರ ಕೈಯ ಕೆಳಗೆ ನಿಮ್ಮ ಕೈ ಇರಲಿ.

ಬಾಯಿ ಶುಚಿ ಮರೆಯಬೇಡಿ. ಹಲ್ಲೇ ಇಲ್ಲದವರಿಗೂ ದಿನಕ್ಕೆರಡು ಸಲ ಒಸಡು, ನಾಲಿಗೆ ಒರೆಸಬೇಕು. ಹಲ್ಲಿನ ಸೆಟ್ ರಾತ್ರಿ ತೆಗೆದಿಡಬೇಕು. ಕೊಳಕು ಬಾಯಿಯ ರೋಗಾಣುಗಳೇ ಶ್ವಾಸಕೋಶಕ್ಕೆ ಇಳಿಯುವುದು.

ಅವರು ನೀರೇ ಕೇಳುವುದಿಲ್ಲ.

ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಕೇಳಲಿ ಅಂತ ಕಾಯಬೇಡಿ. ಮಾತ್ರೆಯ ಜೊತೆ, ಎದ್ದಾಗ, ಕೂತಾಗ ಗುಟುಕು ಗುಟುಕಾಗಿ ಕೊಡಿ. ರಾತ್ರಿ ಏಳಬೇಕಾಗುತ್ತದೆ ಎಂಬ ಭಯಕ್ಕೆ ಕುಡಿಯದವರಿಗೆ ಹಗಲಲ್ಲೇ ಜಾಸ್ತಿ ಕೊಡಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಎಷ್ಟು ಅಂತ ವೈದ್ಯರೇ ಹೇಳಬೇಕು.

ಮೊನ್ನೆವರೆಗೂ ಚೆನ್ನಾಗಿದ್ದರು. ಎರಡೇ ದಿನದಲ್ಲಿ ಏನೇನೋ ಮಾತಾಡುತ್ತಿದ್ದಾರೆ. ಅರಳು ಮರುಳಾ?

ಅಲ್ಲ. ಈ ತಪ್ಪು ಮಾತ್ರ ಮಾಡಬೇಡಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಬಂದ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಮೈಯಲ್ಲಿ ಬೇರೇನೋ ಕೆಟ್ಟಿದೆ ಎಂಬುದರ ಗಂಟೆ ಅದು. ನ್ಯುಮೋನಿಯಾ ಆಗಿರಬಹುದು. ಮೂತ್ರದ ಸೋಂಕು ಇರಬಹುದು, ಮೂತ್ರ ಕಟ್ಟಿರಬಹುದು. ನಾಲ್ಕು ದಿನದ ಮಲಬದ್ಧತೆ, ನೀರು ಸಾಲದಿರುವುದು, ಹೇಳಲಾಗದ ನೋವು, ಹೊಸ ಮಾತ್ರೆ, ಯಾವುದೂ ಆಗಬಹುದು. ಕಾರಣ ಹುಡುಕಿ ಸರಿಮಾಡಿದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ವಾರಗಳೇ ಹಿಡಿಯಬಹುದು.

ಕಿರುಚಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಡೆಲಿರಿಯಂನ ಇನ್ನೊಂದು ಮುಖ ಬರೀ ಮಂಕು. ದಿನವಿಡೀ ತೂಕಡಿಕೆ, ಕರೆದರೆ ಒಂದು ಮಾತು, ಮತ್ತೆ ನಿದ್ದೆ. "ಪಾಪ, ಸುಸ್ತಾಗಿದ್ದಾರೆ, ಮಲಗಲಿ" ಅಂತ ಮನೆಯವರು ಸುಮ್ಮನಾಗುತ್ತಾರೆ. ಅದೇ ದಿನ ವೈದ್ಯರಿಗೆ ಫೋನ್ ಮಾಡಿ.

ಮನೆಯಲ್ಲಿ ನೀವು ಮಾಡಬಹುದಾದ್ದು: ಕನ್ನಡಕ ಹಾಕಿ, ಕಿವಿಯ ಯಂತ್ರ ಹಾಕಿ. ಹಗಲು ಬೆಳಕಿರಲಿ, ರಾತ್ರಿ ಕತ್ತಲಿರಲಿ. ಪರಿಚಿತ ಮುಖ ಜೊತೆಗಿರಲಿ. ಕಟ್ಟಿಹಾಕಬೇಡಿ.

ಮರೆವಿನ ಕಾಯಿಲೆ ಇರುವವರು ಒಂದೇ ಪ್ರಶ್ನೆಯನ್ನು ನೂರು ಸಲ ಕೇಳುತ್ತಾರೆ. ತಾಳ್ಮೆ ಉಳಿಯುವುದಿಲ್ಲ.

ಅವರಿಗೆ ಅದು ಪ್ರತಿಸಲವೂ ಮೊದಲ ಪ್ರಶ್ನೆ. "ಈಗ ತಾನೇ ಹೇಳಿದೆನಲ್ಲ" ಅಂದರೆ ಉತ್ತರ ನೆನಪಿರುವುದಿಲ್ಲ, ಗದರಿದ ನೋವು ಮಾತ್ರ ಉಳಿಯುತ್ತದೆ. ಪ್ರಶ್ನೆಯ ಹಿಂದಿನ ಭಾವಕ್ಕೆ ಉತ್ತರ ಕೊಡಿ. "ಮನೆಗೆ ಹೋಗಬೇಕು" ಅಂತ ತಮ್ಮದೇ ಮನೆಯಲ್ಲಿ ಕೂತು ಕೇಳುವವರಿಗೆ ಬೇಕಾಗಿರುವುದು ವಿಳಾಸವಲ್ಲ, ಧೈರ್ಯ. "ಆ ಮನೆ ಹೇಗಿತ್ತು, ಹೇಳಿ" ಅನ್ನಿ. ಕೈಗೆ ಕೆಲಸ ಕೊಡಿ: ಬಟ್ಟೆ ಮಡಚುವುದು, ಕಾಳು ಬೇರ್ಪಡಿಸುವುದು. ಸಂಜೆ ಹೊತ್ತು ಚಡಪಡಿಕೆ ಜಾಸ್ತಿಯಾಗುವುದು ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ.

ಸ್ನಾನಕ್ಕೆ ಜಗಳವಾದರೆ ಇವತ್ತು ಬಿಡಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಆದೀತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ನಿಮ್ಮಂತೆ ತಾಳ್ಮೆ ಕಳೆದುಕೊಂಡು, ರಾತ್ರಿ ಅದಕ್ಕೇ ಅತ್ತ ಮನೆಯವರು ಎಷ್ಟು ಕೋಟಿ ಇರಬೇಡ.

ಮನೆಯಲ್ಲಿ ಯಾವ ಯಂತ್ರ ಇಟ್ಟುಕೊಳ್ಳಬೇಕು?

ತೋಳಿಗೆ ಕಟ್ಟುವ ಬಿಪಿ ಯಂತ್ರ, ಥರ್ಮಾಮೀಟರ್, ತೂಕದ ಯಂತ್ರ. ಶುಗರ್ ಇದ್ದವರಿಗೆ ಗ್ಲುಕೋಮೀಟರ್. ಉಳಿದದ್ದು ವೈದ್ಯರು ಹೇಳಿದರೆ ಮಾತ್ರ.

ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಲಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ಮಾತಾಡಬಾರದು, ಮೂತ್ರ ಹಿಡಿದುಕೊಂಡಿರಬಾರದು. ಹೃದಯ ಸೋತವರಲ್ಲಿ ತೂಕವೇ ಮೊದಲ ಸುಳಿವು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ. ಉಸಿರು ಕಟ್ಟುವವರೆಗೆ ಕಾಯದೆ ಫೋನ್ ಮಾಡಿ. ಜ್ವರದ ಅಂಕಿಯನ್ನೇ ನಂಬಬೇಡಿ, ಹಿರಿಯರಿಗೆ ದೊಡ್ಡ ಸೋಂಕಿನಲ್ಲೂ ಮೈ ಅಷ್ಟು ಬಿಸಿಯಾಗದೆ ಇರಬಹುದು.

ಕ್ಯಾತಿಟರ್ ಚೀಲವನ್ನು ನೋಡಿಕೊಳ್ಳುವುದು ಹೇಗೆ?

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಕೊಳವೆ ಮಡಚಿಕೊಳ್ಳಬಾರದು. ಮೂರನೇ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಿ, ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ. "ಇದು ಇನ್ನೂ ಬೇಕಾ?" ಅಂತ ಪ್ರತಿ ಭೇಟಿಯಲ್ಲೂ ಕೇಳಿ. ಇದ್ದಷ್ಟು ದಿನವೂ ಸೋಂಕಿನ ಅಪಾಯ ಇದ್ದೇ ಇರುತ್ತದೆ.

ಯಾವುದಕ್ಕೆ ಕಾಯಬಾರದು?

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಲಕ್ವ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊನೆಯ ಸಲ ಚೆನ್ನಾಗಿದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಂಡು ಹೊರಡಿ. ನಾವು "ಸ್ವಲ್ಪ ಮಲಗಿದರೆ ಸರಿಹೋಗುತ್ತದೆ" ಅಂತ ಅಪ್ಪನನ್ನು ಮಲಗಿಸಿದ್ದೆವು.

ಎದೆ ಬಿಗಿತ, ಇದ್ದಕ್ಕಿದ್ದಂತೆ ಉಸಿರಾಟದ ಕಷ್ಟ, ಎಬ್ಬಿಸಲಾಗದ ನಿದ್ದೆ, ಕಪ್ಪು ಮಲ, ಇವುಗಳಿಗೂ ಕಾಯಬಾರದು. ಶುಗರ್ 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಒಳ್ಳೆಯ ಸಹಾಯಕರನ್ನು ಹೇಗೆ ಆರಿಸುವುದು?

ಪ್ರಮಾಣಪತ್ರ, ಹಿಂದೆ ಕೆಲಸ ಮಾಡಿದ ಮನೆಯವರ ಮಾತು, ಇವನ್ನೆಲ್ಲ ನೋಡಲೇಬೇಕು. ಆದರೆ ನಾನು ಎಲ್ಲಕ್ಕಿಂತ ಹೆಚ್ಚು ನೋಡುವುದು ಒಂದನ್ನು. ಮೊದಲ ಭೇಟಿಯಲ್ಲಿ ಅವರು ಯಾರ ಜೊತೆ ಮಾತಾಡುತ್ತಾರೆ? ಹಿರಿಯರನ್ನು ದಾಟಿ ನಿಮ್ಮನ್ನು "ಇವರು ಏನು ತಿನ್ನುತ್ತಾರೆ" ಅಂತ ಕೇಳಿದರೆ ಒಂದು ಬಗೆ. ಹಿರಿಯರ ಪಕ್ಕ ಕೂತು ಅವರನ್ನೇ ಕೇಳಿದರೆ ಇನ್ನೊಂದು ಬಗೆ. ಎರಡನೆಯವರನ್ನು ಆರಿಸಿ.

ಏನೇನು ಕೆಲಸ, ಯಾವುದು ಅಲ್ಲ, ರಜೆ ಯಾವಾಗ, ಊಟ ಎಲ್ಲಿ, ರಾತ್ರಿ ಎಷ್ಟು ನಿದ್ದೆ ಸಿಗುತ್ತದೆ, ಎಲ್ಲ ಬರೆದಿಟ್ಟುಕೊಳ್ಳಿ. ಒಬ್ಬರೇ ಮನುಷ್ಯ ಹಗಲೂ ರಾತ್ರಿ ಎಚ್ಚರವಿರಲು ಆಗುವುದಿಲ್ಲ. ಸಂಬಳ ತಡ ಮಾಡಬೇಡಿ. ಒಳ್ಳೆಯ ಸಹಾಯಕರು ಮನೆ ಬಿಟ್ಟು ಹೋಗುವುದು ಬಹಳ ಸಲ ಕೆಲಸದ ಕಷ್ಟಕ್ಕಲ್ಲ, ಮನೆಯವರ ಮಾತಿನ ಕಷ್ಟಕ್ಕೆ.

ಕಣ್ಣೂ ತೆರೆದಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ. ಅದನ್ನು ಮಾಡುವವರಲ್ಲಿ ಮನೆಯವರೂ ಇದ್ದಾರೆ. ವಿವರಣೆ ಕೊಡಲಾಗದ ಗಾಯ, ಒಬ್ಬರು ಬಂದಾಗ ಮಾತ್ರ ಮೌನವಾಗುವುದು, ಹಣ ಕಾಣೆಯಾಗುವುದು, ಇಂಥದ್ದು ಕಂಡರೆ ಹಿರಿಯರನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿ.

ನಾನು ದೂರದ ಊರಲ್ಲಿದ್ದೇನೆ. ನನ್ನಿಂದ ಏನಾಗುತ್ತದೆ?

ತುಂಬಾ ಆಗುತ್ತದೆ. ಔಷಧಿ ತರಿಸುವುದು, ಬಿಲ್ ಕಟ್ಟುವುದು, ವೈದ್ಯರ ಭೇಟಿ ಗೊತ್ತುಮಾಡುವುದು, ದಾಖಲೆ ಇಡುವುದನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ಜೊತೆಗಿರುವ ಅಕ್ಕನಿಗೋ ತಮ್ಮನಿಗೋ ವರ್ಷದಲ್ಲಿ ಕೆಲವು ವಾರ ರಜೆ ಕೊಟ್ಟು, ಆ ದಿನ ನೀವು ಬಂದು ನೋಡಿಕೊಳ್ಳಿ. ಫೋನಿನಲ್ಲಿ ಸಲಹೆ ಕೊಡುವ ಮೊದಲು "ನೀನು ಹೇಗಿದ್ದೀಯ" ಅಂತ ಕೇಳಿ.

ನೋಡಿಕೊಳ್ಳುವ ನಾನೇ ಸೋತುಹೋಗಿದ್ದೇನೆ. ಹೀಗೆ ಅನ್ನಿಸುವುದು ತಪ್ಪಾ?

ತಪ್ಪಲ್ಲ. 1980ರಲ್ಲೇ ಸ್ಟೀವನ್ ಝಾರಿಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು, ನೋಡಿಕೊಳ್ಳುವವರ ಹೊರೆಯನ್ನು ಅಳೆಯಲೆಂದೇ ಒಂದು ಪ್ರಶ್ನಾವಳಿ ತಂದರು. ನಿಮಗಾಗಿ ಸಮಯ ಉಳಿದಿಲ್ಲ ಅನ್ನಿಸುತ್ತದೆಯೇ, ಅವರ ಮೇಲೆ ಸಿಟ್ಟು ಬರುತ್ತದೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಅಂದರೆ ಈ ಭಾವನೆಗಳು ನಿಮ್ಮ ಒಬ್ಬರವೇ ಅಲ್ಲ. ವೈದ್ಯರು ಕೇಳಿ, ಗುರುತು ಹಾಕಿಕೊಳ್ಳುವಷ್ಟು ಸಾಮಾನ್ಯ.

ಎಲ್ಲಕ್ಕಿಂತ ಮೊದಲು ನಿದ್ದೆ. ರಾತ್ರಿ ಮೂರು ಸಲ ಏಳುತ್ತಿದ್ದರೆ ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ಏಳಬೇಕು. ಇದನ್ನು ಕೇಳಿ ಪಡೆಯಿರಿ, ಯಾರಾದರೂ ತಾವಾಗಿ ಬಂದಾರು ಅಂತ ಕಾದರೆ ಯಾರೂ ಬರುವುದಿಲ್ಲ. "ಸಹಾಯ ಮಾಡಿ" ಅಂದರೆ ಜನಕ್ಕೆ ಏನು ಮಾಡಬೇಕು ಗೊತ್ತಾಗುವುದಿಲ್ಲ. "ಭಾನುವಾರ ಹತ್ತರಿಂದ ಒಂದರವರೆಗೆ ಅಪ್ಪನ ಹತ್ತಿರ ಕೂತಿರ್ತೀಯಾ" ಅಂತ ಕೇಳಿ.

ಬೆನ್ನು ಕಾಪಾಡಿಕೊಳ್ಳಿ. ನಿಮ್ಮ ಕುತ್ತಿಗೆಗೆ ಜೋತುಬೀಳಲು ಅವರಿಗೆ ಬಿಡಬೇಡಿ. ಕುರ್ಚಿಯನ್ನು ಅವರ ಬಲವಿರುವ ಪಕ್ಕಕ್ಕೆ ಇಡಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಅವರು ಮುಂದಕ್ಕೆ ಬಾಗಲಿ, ಆಗ ಅವರ ಕಾಲೇ ಅವರನ್ನು ಎತ್ತುತ್ತದೆ. ಇದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ದಿನ ಕಲಿತರೆ ಸಾಕು.

ಕೈ ಎತ್ತುವಷ್ಟು ಸಿಟ್ಟು ಬಂದರೆ, ಅವರು ಬೀಳದಂತೆ ಕೂರಿಸಿ ಪಕ್ಕದ ಕೋಣೆಗೆ ಹೋಗಿ. ಐದು ನಿಮಿಷ ಒಬ್ಬರೇ ಇದ್ದರೆ ಏನೂ ಆಗುವುದಿಲ್ಲ. ಅದೇ ದಿನ ಯಾರಿಗಾದರೂ ಹೇಳಿ. ಅಳು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ನಿಮಗಾಗಿ ವೈದ್ಯರನ್ನು ನೋಡಿ.

ಇನ್ನು ವಾಸಿಯಾಗುವುದಿಲ್ಲ ಅಂದಿದ್ದಾರೆ. ಮನೆಯಲ್ಲೇ ಇಟ್ಟುಕೊಳ್ಳಬಹುದಾ?

ಬಹುದು, ಜೊತೆಗೆ ಉಪಶಮನ ಆರೈಕೆಯ, ಅಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ಇಳಿಸುವ ಆರೈಕೆಯ, ತಂಡ ಇದ್ದರೆ. ಈ ಆರೈಕೆಗೆ ಇವತ್ತಿನ ರೂಪ ಕೊಟ್ಟವರಲ್ಲಿ ಮೊದಲಿಗರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿ, ಸಮಾಜಸೇವಕಿಯಾಗಿ, ಆಮೇಲೆ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ (ಕೊನೆಗಾಲದವರನ್ನು ನೋಡಿಕೊಳ್ಳುವ ಆಸ್ಪತ್ರೆ) ತೆರೆದರು. ನೋವು ಮೈಯಲ್ಲಿ ಮಾತ್ರ ಇರುವುದಿಲ್ಲ, ಮನಸ್ಸಿನಲ್ಲಿ, ಸಂಬಂಧಗಳಲ್ಲಿ, ನಂಬಿಕೆಯಲ್ಲೂ ಇರುತ್ತದೆ ಎಂದು ಅವರು ಕಲಿಸಿದರು. ಚಿಕಿತ್ಸೆ ನಿಂತ ಮೇಲೆಯೇ ಇದು ಶುರುವಾಗಬೇಕು ಅಂತಿಲ್ಲ. ಕಾಯಿಲೆ ಗೊತ್ತಾದ ದಿನದಿಂದಲೂ ಜೊತೆಯಲ್ಲೇ ಸಾಗಬಹುದು. ಮಾರ್ಫಿನ್ ಹೆಸರು ಕೇಳಿ ಹೆದರಬೇಡಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವನ್ನೂ ಉಸಿರಿನ ಸಂಕಟವನ್ನೂ ಇಳಿಸುತ್ತದೆ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ.

ಅವರಿಗೆ ಯಾವುದು ಮುಖ್ಯ ಅಂತ ಮಾತಾಡಲು ಶಕ್ತಿ ಇರುವಾಗಲೇ ಕೇಳಿ. ಐಸಿಯು ಬೇಕಾ? ಯಾರನ್ನು ನೋಡಬೇಕು? ಎಲ್ಲಿ ಇರಬೇಕು? ಕೇಳಲು ಗಂಟಲು ಕಟ್ಟುತ್ತದೆ, ನನಗೂ ಕಟ್ಟಿತ್ತು. ಕೇಳಿದ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಿದರು. ಅವರು ಆ ಪ್ರಶ್ನೆಗೆ ಕಾಯುತ್ತಿದ್ದರು.

ಕೊನೆಯ ದಿನಗಳಲ್ಲಿ ಹಸಿವು, ಬಾಯಾರಿಕೆ ತಾನಾಗಿ ಇಳಿಯುತ್ತದೆ. ಒತ್ತಾಯ ಮಾಡಿ ತಿನ್ನಿಸಿದರೆ ಅವರಿಗೆ ಹಿಂಸೆ. ತುಟಿ, ಬಾಯಿ ತೇವವಾಗಿಡಿ. ಉಸಿರು ನಿಂತು ನಿಂತು ಬರಬಹುದು, ಕೈಕಾಲು ತಣ್ಣಗಾಗಬಹುದು. ಪಕ್ಕ ಕೂತು ಮಾತಾಡಿ, ಕೇಳಿಸುತ್ತಿರಬಹುದು.

ಅವರು ಹೋದ ಮೇಲೆ ಉಳಿದ ಔಷಧಿ, ಸಾಮಾನು ಏನು ಮಾಡುವುದು?

ಮಾರ್ಫಿನ್, ಅಂಟಿಸುವ ನೋವಿನ ಪಟ್ಟಿ, ನಿದ್ದೆ ಮಾತ್ರೆಗಳನ್ನು ಮನೆಯಲ್ಲಿ ಒಂದು ದಿನವೂ ಹೆಚ್ಚು ಇಡಬೇಡಿ. ಕೊಟ್ಟ ತಂಡಕ್ಕೆ ಅಥವಾ ಔಷಧಿ ಅಂಗಡಿಗೆ ವಾಪಸ್ ಮಾಡಿ. ಬಳಸಿದ ಪಟ್ಟಿಯಲ್ಲೂ ಮಗುವಿನ ಪ್ರಾಣ ತೆಗೆಯುವಷ್ಟು ಔಷಧಿ ಉಳಿದಿರುತ್ತದೆ. ಇನ್ಸುಲಿನ್ ಸೂಜಿಗಳು ಗಟ್ಟಿ ಡಬ್ಬಿಯಲ್ಲಿ ಹೋಗಲಿ. ಮಂಚ, ಗಾಲಿಕುರ್ಚಿ, ವಾಕರ್‌ಗಳನ್ನು ತೊಳೆದು ಒಣಗಿಸಿ ಬೇಕಾದವರಿಗೆ ಕೊಡಿ. ಮನಸ್ಸು ಬಾರದಿದ್ದರೆ ಸ್ವಲ್ಪ ದಿನ ಇರಲಿ, ಆತುರವಿಲ್ಲ.

ಅಪ್ಪನ ವಾಕರ್ ಈಗ ಇನ್ನೊಬ್ಬ ಹಿರಿಯರ ಮನೆಯಲ್ಲಿದೆ. ಕೊಡುವಾಗ ಎತ್ತರ ಹೊಂದಿಸಿ ಕೊಟ್ಟೆ: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅವರು ಅಪ್ಪನಿಗಿಂತ ಗಿಡ್ಡ. ಎರಡು ತೂತು ಕೆಳಗೆ ಇಳಿಸಬೇಕಾಯಿತು.